ಆಲ್ಬಮ್ ಬಂತು, ನೆಗೆಟಿವ್ ಎಲ್ಲಿ ಸ್ವಾಮಿ?

ಸಾಲ ಸೋಲ ಮಾಡಿ ಮಗಳ ಮದುವೆ ಮಾಡಿದ್ದೀರಿ. ಎತ್ತಲಾರದಷ್ಟು ಭಾರದ ಆಲ್ಬಮ್ಮೂ ಬಂದಿದೆ. ನಾಲ್ಕು ವರ್ಷ ಬಿಟ್ಟು, ತೀರಿಹೋದ ಅಜ್ಜಿಯ ಮುಖವೊಂದನ್ನೇ ದೊಡ್ಡದು ಮಾಡಿಸೋಣ ಅಂತ ಸ್ಟುಡಿಯೋ ಮೆಟ್ಟಿಲು ಹತ್ತಿ ನೋಡಿ. 'ಡಿಲೀಟ್ ಆಗಿದೆ ಸಾರ್' ಅನ್ನುತ್ತಾರೆ. ಮುಗೀತು!

ಹಿಂದೆ ಹೀಗಿರಲಿಲ್ಲ. ಫೋಟೋ ಬೆನ್ನಿಗೆ ಸ್ಟುಡಿಯೋ ಸೀಲು, ಸೀಲಿನಲ್ಲಿ ನಂಬರು. ನಂಬರು ಹೇಳಿದರೆ ಡಬ್ಬ ಜಾಲಾಡಿ ನೆಗೆಟಿವ್ ತೆಗೆದು ಪ್ರಿಂಟ್ ಹಾಕಿಕೊಡುತ್ತಿದ್ದರು. ಆ ಫಿಲ್ಮಿನಲ್ಲಿ ಎಷ್ಟೋ ನಮ್ಮ ಪಕ್ಕದ ಊಟಿಯದೇ. 1960ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 'ಇಂದು' ಎಂಬ ಹೆಸರಲ್ಲಿ ಮಾರುತ್ತಿತ್ತು. ಆ 'ಇಂದು' ಇಂದು ಇಲ್ಲ. ಕೊಡಕ್‌ನಂಥ ಕೊಡಕ್ಕೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದೂ ಅದೇ ಕಂಪನಿಯ ಇಂಜಿನಿಯರ್, 1975ರಲ್ಲಿ!

ನಡುವೆ ಕೆಲಕಾಲ ಫಿಲ್ಮಿನಲ್ಲಿ ತೆಗೆದು ಸ್ಕ್ಯಾನ್ ಮಾಡುವ ದಂಧೆ ನಡೆಯಿತು. ರೋಲಿಗೆ 36 ಚಿತ್ರ, ಒಂದೊಂದರ ಮೇಲೂ ಧೂಳು, ಗೀರು. ಒರೆಸಿ ಒರೆಸಿ ಹುಡುಗರ ಕಣ್ಣು ಹೋಯಿತು. ಈಗ ನೇರ ಡಿಜಿಟಲ್.

ಡಿಜಿಟಲ್ಲಿನಲ್ಲೂ ನೆಗೆಟಿವ್ ಇದೆ ಸ್ವಾಮಿ. ಅದರ ಹೆಸರು 'ರಾ' ಫೈಲ್. ರಾ ಅಂದರೆ ಹಸಿ. ಸೆನ್ಸರ್ ಹಿಡಿದ ಬೆಳಕಿನ ಲೆಕ್ಕ ಅದರಲ್ಲಿ ಇದ್ದಂತೇ ಇರುತ್ತದೆ. ಜೆಪೆಗ್ ಅಂದರೆ ಕ್ಯಾಮೆರಾನೇ ಬೇಯಿಸಿಟ್ಟ ಅಡುಗೆ, ಉಪ್ಪು ಹೆಚ್ಚಾದರೆ ತೆಗೆಯೋದು ಹೇಗೆ? ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಛತ್ರದ ಹಳದಿ ಬಲ್ಬು, ಟ್ಯೂಬ್‌ಲೈಟು, ಕಿಟಕಿ ಬಿಸಿಲು ಮೂರೂ ಸೇರಿ ಮದುಮಗಳ ಮುಖಕ್ಕೆ ಕಾಮಾಲೆ ಬಡಿದಂತಾದರೂ ರಾ ಇದ್ದರೆ ಆಮೇಲೆ ಬಹುಮಟ್ಟಿಗೆ ಸರಿಮಾಡಬಹುದು.

ಫಿಲ್ಮಿನಲ್ಲಿ ಕೈ ಪಳಗಿದ ಹಿರಿಯರಿಗೆ ಇಲ್ಲೊಂದು ಹೊಡೆತ ಬಿತ್ತು. ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಹೆಚ್ಚು ಕೊಟ್ಟರೂ ತಡಕೊಳ್ಳುತ್ತಿತ್ತು, ಕಮ್ಮಿ ಆದರೇ ಕಷ್ಟ. ಡಿಜಿಟಲ್ ಉಲ್ಟಾ. ಕತ್ತಲಲ್ಲಿ ಅಡಗಿದ್ದನ್ನು ರಾ ಫೈಲಿನಿಂದ ಎಳೆದು ತರಬಹುದು, ಪೂರ್ತಿ ಬೆಳ್ಳಗೆ ಸುಟ್ಟುಹೋದ ಧಾರೆ ಸೀರೆಯ ನೆರಿಗೆ ಬ್ರಹ್ಮ ಬಂದರೂ ವಾಪಸ್ ಬರಲ್ಲ. ಮೂವತ್ತು ವರ್ಷದ ಅಭ್ಯಾಸ ತಿರುಗಿಸೋದು ಹುಡುಗಾಟವಲ್ಲ.

ಹಾಗಾದರೆ ಅಳಿಸೋದ್ಯಾಕೆ? ಜಾಗದ ಗೋಳು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25ರಿಂದ 30 ಎಂ.ಬಿ. ಮದುವೆಗೆ ಎರಡು ಸಾವಿರ ಕ್ಲಿಕ್ ಅಂದರೆ 50ರಿಂದ 60 ಜಿ.ಬಿ. ಸೀಸನ್ನಿನಲ್ಲಿ ಇಪ್ಪತ್ತು ಮದುವೆ ಹಿಡಿದವನು ಹಾರ್ಡ್‌ಡಿಸ್ಕಿಗೆ ದುಡ್ಡು ಎಲ್ಲಿಂದ ತರಬೇಕು? ಅವನ ಮಾತಲ್ಲೂ ನ್ಯಾಯವಿದೆ. ಆದರೆ ಅಳಿಸುವ ಮುಂಚೆ ಮನೆಯವರಿಗೊಂದು ಫೋನ್ ಮಾಡಬಾರದೆ? ಅಡ್ವಾನ್ಸ್ ಕೊಡುವಾಗಲೇ 'ರಾ ಫೈಲೂ ಬೇಕು, ಡಿಸ್ಕ್ ನಾನೇ ತಂದುಕೊಡ್ತೀನಿ' ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಂದು ಡಿಸ್ಕ್ ಸಾಲದು, ಎರಡರಲ್ಲಿ ಇಡಿ. ಒಂದು ಕೆಟ್ಟೇ ಕೆಡುತ್ತದೆ.

ಅಟ್ಟದ ಮೇಲೆ ಹಳೇ ನೆಗೆಟಿವ್ ಇದ್ದರೆ ಗುಜರಿಗೆ ಹಾಕಬೇಡಿ. ಲೈಟ್ ಬಾಕ್ಸ್ ಮೇಲಿಟ್ಟು, ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾದಲ್ಲಿ ರಾ ಫೈಲಾಗಿಯೇ ತೆಗೆದರೆ ಸ್ಕ್ಯಾನರಿಗಿಂತ ಬೇಗ ಕೆಲಸ ಆಗುತ್ತೆ. ಧೂಳು ಮಾತ್ರ ಮೊದಲೇ ಊದಿ ತೆಗೆಯಬೇಕು, ಬೆರಳು ತಾಗಿಸಬಾರದು.