ಎರಡು ನೌಕರಿಗಳ ನಡುವಣ ದಿನಗಳು

‘ನಿರುದ್ಯೋಗ’ ಎಂಬ ಮಾತನ್ನು ನಾವು ಇಂದು ಬಳಸುವ ಅರ್ಥ ತೀರ ಹಳೆಯದಲ್ಲ. ಮಹಾಭಾರತದಲ್ಲಿ ಉದ್ಯೋಗಪರ್ವವೆಂಬ ಪರ್ವವೊಂದಿದೆ. ಅಲ್ಲಿ ಯಾರಿಗೂ ಸಂಬಳದ ಕೆಲಸ ದೊರೆಯುವುದಿಲ್ಲ. ವನವಾಸ, ಅಜ್ಞಾತವಾಸಗಳನ್ನು ಮುಗಿಸಿ ಬಂದ ಪಾಂಡವರು ತಾವು ಕಳೆದುಕೊಂಡದ್ದನ್ನು ಮರಳಿ ಪಡೆಯಲು ನಡೆಸುವ ಪ್ರಯತ್ನ, ಸಂಧಾನ, ಸನ್ನಾಹಗಳ ಕಥೆ ಅದು. ಉದ್ಯೋಗವೆಂದರೆ ಅಲ್ಲಿ ಪ್ರಯತ್ನ. ಕಾಲಕ್ರಮದಲ್ಲಿ ಆ ಶಬ್ದ ನೌಕರಿಗೆ ಅಂಟಿಕೊಂಡಿತು. ನೌಕರಿ ಇಲ್ಲದವನು ನಿರುದ್ಯೋಗಿಯಾದ. ಹಳೆಯ ಅರ್ಥವನ್ನು ಹಿಡಿದು ನೋಡಿದರೆ, ಕೆಲಸ ಕಳೆದುಕೊಂಡು ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆಗಳ ಬಾಗಿಲು ತಟ್ಟುವವನಿಗಿಂತ ದೊಡ್ಡ ಉದ್ಯೋಗಿ ಇನ್ನೊಬ್ಬನಿಲ್ಲ.

ಈ ಶಬ್ದವಿಚಾರದಿಂದ ಪ್ರಾರಂಭಿಸಿದ್ದಕ್ಕೆ ಕಾರಣವಿದೆ. ನಿರುದ್ಯೋಗ ಭತ್ಯೆಯನ್ನು ಕೊಡುವ ಯಾವ ದೇಶದ ಕಾನೂನನ್ನೇ ತೆಗೆದು ನೋಡಿದರೂ ಅದು ಅರ್ಜಿದಾರನಿಂದ ಏಕಕಾಲಕ್ಕೆ ಎರಡನ್ನು ಬಯಸುತ್ತದೆ. ಹೊಸ ಅರ್ಥದಲ್ಲಿ ಅವನು ನಿರುದ್ಯೋಗಿಯಾಗಿರಬೇಕು. ಹಳೆಯ ಅರ್ಥದಲ್ಲಿ ಉದ್ಯೋಗಿಯಾಗಿರಬೇಕು. ಕೈಯಲ್ಲಿ ಕೆಲಸವಿರಕೂಡದು, ಆದರೆ ಕೆಲಸಕ್ಕೆ ಸಿದ್ಧನಾಗಿರಬೇಕು, ಸಿಕ್ಕೊಡನೆ ಹೋಗಬೇಕು. ಹೋದ ದಿನ ಭತ್ಯೆಯ ಹಕ್ಕು ನಿಲ್ಲುತ್ತದೆ. ಸಿಕ್ಕುಗಳೆಲ್ಲ ಹುಟ್ಟುವುದು ಈ ಸಂಧಿಕಾಲದಲ್ಲಿಯೇ. ಹಳೆಯ ನೌಕರಿ ಹೋಗಿ ಹೊಸದು ಬರುವ ನಡುವಿನ ಒಂದೆರಡು ತಿಂಗಳುಗಳನ್ನು ಹೇಗೆ ಎಣಿಸಬೇಕು, ಯಾರಿಗೆ ಏನು ಹೇಳಬೇಕು ಎಂಬುದು ಓದುಬರಹ ಬಲ್ಲವರಿಗೂ ಸುಲಭವಾಗಿ ತಿಳಿಯುವುದಿಲ್ಲ.

ಬ್ರಿಟನ್ನಿನವರು 1911ರಲ್ಲಿ ರಾಷ್ಟ್ರೀಯ ವಿಮಾ ಕಾಯ್ದೆಯನ್ನು ಮಾಡಿದಾಗ ಈ ಸಂಧಿಕಾಲಕ್ಕೆ ಬಹಳ ಸರಳವಾದ ಒಂದು ಉಪಾಯವನ್ನು ಕಂಡುಕೊಂಡರು. ಕಟ್ಟಡದ ಕೆಲಸ, ಹಡಗು ಕಟ್ಟುವುದು, ಯಂತ್ರನಿರ್ಮಾಣ ಮುಂತಾದ ಕೆಲವು ಕಸುಬುಗಳಿಗೆ ಮಾತ್ರ ಅನ್ವಯಿಸಿದ ಕಾಯ್ದೆ ಅದು. ಕೆಲಸಗಾರ ವಾರಕ್ಕೆ ಎರಡೂವರೆ ಪೆನ್ಸ್, ಮಾಲೀಕ ಎರಡೂವರೆ ಪೆನ್ಸ್, ಅದರ ಮೇಲೆ ಸರ್ಕಾರದ ಪಾಲು. ಕೆಲಸ ಹೋದರೆ ಮೊದಲ ವಾರ ಏನೂ ಇಲ್ಲ. ಅನಂತರ ವಾರಕ್ಕೆ ಏಳು ಷಿಲಿಂಗ್, ಹನ್ನೆರಡು ತಿಂಗಳಲ್ಲಿ ಹದಿನೈದು ವಾರಗಳನ್ನು ಮೀರದಂತೆ. ಪ್ರತಿಯೊಬ್ಬನಿಗೂ ಒಂದು ಪುಸ್ತಕ. ಕೆಲಸವಿದ್ದಾಗ ಅದು ಮಾಲೀಕನ ಬಳಿ ಇರುತ್ತಿತ್ತು; ಅವನು ವಾರವಾರವೂ ಅದಕ್ಕೆ ಅಂಚೆಚೀಟಿಯಂಥ ಚೀಟಿ ಅಂಟಿಸುತ್ತಿದ್ದ. ಕೆಲಸ ಹೋದಾಗ ಅದೇ ಪುಸ್ತಕವನ್ನು ತಂದು ಉದ್ಯೋಗ ವಿನಿಮಯ ಕಚೇರಿಯಲ್ಲಿ ಒಪ್ಪಿಸಿದರೆ ಅದೇ ಅರ್ಜಿ. ಹೊಸ ಕೆಲಸ ಸಿಕ್ಕಿದಾಗ ಪುಸ್ತಕವನ್ನು ಬಿಡಿಸಿಕೊಂಡು ಹೊಸ ಮಾಲೀಕನ ಕೈಗೆ ಕೊಡಬೇಕು. ಒಂದೇ ಪುಸ್ತಕ ಎರಡು ಕಡೆ ಇರಲಾರದಷ್ಟೆ! ಭತ್ಯೆಯನ್ನೂ ಸಂಬಳವನ್ನೂ ಒಂದೇ ದಿನಕ್ಕೆ ಪಡೆಯುವ ಮೋಸವನ್ನು ಆ ಪುಟ್ಟ ಪುಸ್ತಕ ತಡೆಯುತ್ತಿತ್ತು; ಪ್ರಾಮಾಣಿಕನನ್ನು ಅನಗತ್ಯ ಪ್ರಶ್ನೆಗಳಿಂದ ಉಳಿಸುತ್ತಲೂ ಇತ್ತು.

ನಮ್ಮ ದೇಶದಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ಜನ ಇ.ಎಸ್.ಐ. ಎನ್ನುವುದು, 1948ರಲ್ಲಿ ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆಚರಣೆಗೆ ಇಳಿಯಿತು. ಕಾಯಿಲೆ, ಹೆರಿಗೆ, ಕೆಲಸದಲ್ಲಿ ಆದ ಗಾಯ, ಇವಕ್ಕೆ ಅದರಲ್ಲಿ ಪರಿಹಾರವಿತ್ತು. ಕೆಲಸವೇ ಹೋದರೆ ಪರಿಹಾರವಿರಲಿಲ್ಲ. 1953ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಯನ್ನು ತಿದ್ದಿ, ಹೆಚ್ಚುವರಿಯೆಂದು ತೆಗೆದುಹಾಕಲ್ಪಟ್ಟವನಿಗೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನವನ್ನು ಮಾಲೀಕ ಕೊಡಬೇಕೆಂದು ವಿಧಿಸಿದರು. ಅದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣ. ತಿಂಗಳ ಅಕ್ಕಿಬೇಳೆಯ ವಿಚಾರ ಅದಕ್ಕೆ ಸಂಬಂಧಿಸಿದ್ದಲ್ಲ. ವಿಮೆಯೊಳಗೆ ನಿರುದ್ಯೋಗಕ್ಕೆ ಸ್ಥಾನ ದೊರೆತದ್ದು 2005ರ ಏಪ್ರಿಲ್‌ನಲ್ಲಿ, ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಮೂಲಕ. ಕಾರ್ಖಾನೆ ಮುಚ್ಚಿದವರಿಗೆ, ಹೆಚ್ಚುವರಿಯೆಂದು ತೆಗೆಯಲ್ಪಟ್ಟವರಿಗೆ ಅದು. 2018ರ ಜುಲೈಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯೆಂಬ ಇನ್ನೊಂದು ಬಂತು. ಹೆಸರು ಹಿಂದಿಯಲ್ಲಿದೆ, ‘ಬೀಮಿತ್’ ಎಂದರೆ ವಿಮೆ ಮಾಡಿಸಿದವನು ಎಂದಷ್ಟೆ. ಎರಡು ವರ್ಷದ ಪ್ರಯೋಗವೆಂದು ಪ್ರಾರಂಭಿಸಿದ ಇದನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂದಿದ್ದಾರೆ. ಆದ್ದರಿಂದ ಅರ್ಜಿ ಹಾಕುವವನು ಶಾಖಾ ಕಚೇರಿಯಲ್ಲಿ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ, ‘ಸ್ವಾಮಿ, ಯೋಜನೆ ಯಾವ ತಾರೀಖಿನವರೆಗೆ ಇದೆ?’ ಎಂಬುದು.

ಪ್ರಾರಂಭದಲ್ಲಿ ಇದರ ಷರತ್ತುಗಳು ವಿಚಿತ್ರವಾಗಿದ್ದವು. ದಿನದ ಸರಾಸರಿ ಗಳಿಕೆಯ ನಾಲ್ಕನೆಯ ಒಂದು ಭಾಗ ಮಾತ್ರ ಭತ್ಯೆ. ಅದೂ ತೊಂಬತ್ತು ದಿನ ಕೆಲಸವಿಲ್ಲದೆ ಕಳೆದ ಮೇಲೆ. ಅರ್ಜಿಯನ್ನು ಹಳೆಯ ಮಾಲೀಕನೇ ಕಳಿಸಿಕೊಡಬೇಕು. ಹೊರಗೆ ಹಾಕಿದವನ ಬಾಗಿಲಿಗೇ ಹೋಗಿ ‘ನನ್ನನ್ನು ಹೊರಗೆ ಹಾಕಿದ್ದೀರಿ ಎಂದು ಬರೆದುಕೊಡಿ’ ಎಂದು ಬೇಡಬೇಕಾದ ಸ್ಥಿತಿ. ಕೋವಿಡ್ಡಿನ ವರ್ಷವಾದ 2020ರಲ್ಲಿ ಇದನ್ನು ಸಡಿಲಿಸಿದರು. ಭತ್ಯೆ ಗಳಿಕೆಯ ಅರ್ಧವಾಯಿತು. ಕಾಯುವ ಅವಧಿ ಮೂವತ್ತು ದಿನಕ್ಕೆ ಇಳಿಯಿತು. ಕೆಲಸಗಾರ ತಾನೇ ನೇರವಾಗಿ ಅರ್ಜಿ ಕೊಡಬಹುದು, ಹಣ ಅವನ ಬ್ಯಾಂಕ್ ಖಾತೆಗೇ ಬರುತ್ತದೆ ಎಂದಾಯಿತು. ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ವರ್ಷವನ್ನು ಎರಡು ವಂತಿಗೆಯ ಅವಧಿಗಳಾಗಿ ವಿಂಗಡಿಸಿದ್ದಾರೆ. ಕೆಲಸ ಹೋಗುವುದಕ್ಕೆ ತಕ್ಷಣ ಹಿಂದಿನ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿಯೂ ಅಷ್ಟೇ. ಜೀವಮಾನದಲ್ಲಿ ದೊರೆಯುವುದು ಹೆಚ್ಚೆಂದರೆ ತೊಂಬತ್ತು ದಿನಗಳ ಹಣ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 18,000 ರೂಪಾಯಿ ಪಡೆಯುತ್ತಿದ್ದ ಒಬ್ಬ ಫಿಟ್ಟರ್ ಇದ್ದಾನೆನ್ನಿ. 2017ರ ಜನವರಿಯಲ್ಲಿ ಗೊತ್ತುಮಾಡಿದ 21,000 ರೂಪಾಯಿಗಳ ಮಿತಿಯೊಳಗೇ ಅವನ ಸಂಬಳವಿದೆ. ಆದ್ದರಿಂದ ಅವನು ವಿಮೆಗೆ ಒಳಪಟ್ಟವನು. ಜೂನ್ 10 ಅವನ ಕೊನೆಯ ದಿನ. ದಿನದ ಸರಾಸರಿ ಗಳಿಕೆ 600 ರೂಪಾಯಿ ಎಂದು ಹಿಡಿದರೆ ಭತ್ಯೆ ದಿನಕ್ಕೆ 300. ಜುಲೈ 10ಕ್ಕೆ ಮೂವತ್ತು ದಿನ ತುಂಬುತ್ತದೆ. ಅವನು ಅರ್ಜಿಯನ್ನು ಬರೆಯಬೇಕೆನ್ನುವಷ್ಟರಲ್ಲಿ ದಾಬಸ್‌ಪೇಟೆಯ ಕಡೆ ಕೆಲಸ ಗೊತ್ತಾಗುತ್ತದೆ. ಆಗಸ್ಟ್ 1ಕ್ಕೆ ಬಂದು ಸೇರಬೇಕು. ಇಲ್ಲಿ ಅವನಿಗೆ ಎರಡು ವಿಧದ ಸಲಹೆಗಳು ಬರುತ್ತವೆ. ‘ಕೆಲಸ ಸಿಕ್ಕಿತಲ್ಲ, ಇನ್ನು ಅರ್ಜಿ ಯಾಕೆ, ಸುಮ್ಮನಿರು’ ಎಂದು ಒಬ್ಬರು. ‘ಸಿಕ್ಕಿದ್ದನ್ನು ಹೇಳಬೇಡ, ತೊಂಬತ್ತು ದಿನದ್ದೂ ಬರಲಿ’ ಎಂದು ಇನ್ನೊಬ್ಬರು. ಎರಡೂ ತಪ್ಪು. ಕೆಲಸ ಹೋದ ದಿನಕ್ಕೂ ಹೊಸ ಕೆಲಸಕ್ಕೆ ಸೇರಿದ ದಿನಕ್ಕೂ ನಡುವಣ ಅವಧಿಗೆ ಭತ್ಯೆ ಸಲ್ಲುತ್ತದೆ ಎಂಬುದೇ ನಿಯಮ. ಜೂನ್ 11ರಿಂದ ಜುಲೈ 31ರವರೆಗೆ 51 ದಿನ. 15,300 ರೂಪಾಯಿ ಅವನಿಗೆ ನ್ಯಾಯವಾಗಿ ಬರಬೇಕಾದದ್ದು. ಆಗಸ್ಟ್ 1ರಿಂದ ಒಂದು ಕಾಸೂ ಇಲ್ಲ. ಮೊದಲನೆಯ ಸಲಹೆ ಕೇಳಿದರೆ ಎರಡು ತಿಂಗಳ ಮನೆಬಾಡಿಗೆಯಷ್ಟು ಹಣವನ್ನು ಅವನು ಸುಮ್ಮನೆ ಕಳೆದುಕೊಳ್ಳುತ್ತಾನೆ. ಎರಡನೆಯದನ್ನು ಕೇಳಿದರೆ ಅಪರಾಧಿಯಾಗುತ್ತಾನೆ. ಸುಳ್ಳು ಹೇಳಿಕೆ ಕೊಟ್ಟು ಸೌಲಭ್ಯ ಪಡೆದವನಿಗೆ 1948ರ ಕಾಯ್ದೆ ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸಿತ್ತು; 2025ರ ನವೆಂಬರ್ 21ರಂದು ಆ ಕಾಯ್ದೆಯ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಅಪರಾಧವೆಂದೇ ಎಣಿಸುತ್ತದೆ. ಹೊಸ ಮಾಲೀಕ ಮೊದಲ ತಿಂಗಳ ವಂತಿಗೆ ಕಟ್ಟಿದ ಕೂಡಲೆ ಅದು ನಿಗಮದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಬ್ರಿಟನ್ನಿನ ಆ ಪುಸ್ತಕ ಈಗ ಗಣಕಯಂತ್ರದೊಳಗೆ ಕುಳಿತಿದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ನಡುವೆ ನಾಲ್ಕು ದಿನ ನೆಂಟರ ಅಂಗಡಿಯಲ್ಲಿ ಲೆಕ್ಕ ಬರೆದುಕೊಟ್ಟು ಕೈಗೆ ಏನಾದರೂ ಬಂದರೆ? ಮುಚ್ಚಿಡದೆ ಶಾಖೆಯಲ್ಲಿ ಹೇಳಿಬಿಡುವುದೇ ಕ್ಷೇಮ. ನಾಲ್ಕು ದಿನದ ಭತ್ಯೆ ಹೋದರೆ ಹೋಗಲಿ. ಉಳಿದ ನಲವತ್ತೇಳು ದಿನಗಳ ಮೇಲೆ ಅನುಮಾನದ ನೆರಳು ಬೀಳಬಾರದು.

ಇದೆಲ್ಲಕ್ಕಿಂತ ಹೆಚ್ಚಿನ ಅಪಾಯ ಇರುವುದು ಅರ್ಜಿಯಲ್ಲಿ ಅಲ್ಲ, ಅದಕ್ಕೆ ಮೊದಲು ಹಾಕುವ ಒಂದು ಸಹಿಯಲ್ಲಿ. ಅನೇಕ ಕಡೆ ಕೆಲಸಗಾರನನ್ನು ಒಳಗೆ ಕರೆದು, ‘ತೆಗೆದುಹಾಕಿದೆವು ಎಂದರೆ ನಿನಗೇ ಕೆಟ್ಟ ಹೆಸರು, ನೀನೇ ಬಿಡುತ್ತೇನೆಂದು ಬರೆದುಕೊಡು’ ಎನ್ನುವುದುಂಟು. ಮಾತು ಹಿತವಾಗಿ ಕೇಳಿಸುತ್ತದೆ. ಅವಮಾನದಿಂದ ತಲೆ ತಗ್ಗಿಸಿದವನು ‘ಸ್ವಂತ ಕಾರಣಗಳಿಂದ’ ಎಂಬ ಸಿದ್ಧಪದವನ್ನು ಬಳಸಿ ರಾಜೀನಾಮೆ ಬರೆದುಕೊಡುತ್ತಾನೆ. ಆ ಎರಡು ಪದಗಳು ಮುಂದಿನ ಎಲ್ಲವನ್ನೂ ನಿರ್ಧರಿಸಿಬಿಡಬಲ್ಲವು. ತಾನಾಗಿ ಕೆಲಸ ತೊರೆದವನಿಗೆ, ಸ್ವಯಂನಿವೃತ್ತಿ ಪಡೆದವನಿಗೆ, ದುರ್ನಡತೆಗಾಗಿ ಶಿಕ್ಷೆಗೊಳಗಾದವನಿಗೆ ಈ ಯೋಜನೆಯಲ್ಲಿ ಭತ್ಯೆಯಿಲ್ಲ. ಮಾಲೀಕ ಸಲ್ಲಿಸುವ ತಿಂಗಳ ಲೆಕ್ಕದಲ್ಲಿ ವಂತಿಗೆ ನಿಂತದ್ದರ ಕಾರಣವನ್ನು ನಮೂದಿಸುವ ಅಂಕಣವೊಂದಿದೆ; ‘ಕೆಲಸ ಬಿಟ್ಟ’ ಎಂದು ಅಲ್ಲಿ ಬಿದ್ದರೆ ಅದನ್ನು ಅಲ್ಲಗಳೆಯುವ ಹೊರೆ ಕೆಲಸಗಾರನ ಮೇಲೆ ಬೀಳುತ್ತದೆ. ರಾಜೀನಾಮೆಗೂ ವಜಾಕ್ಕೂ ವ್ಯಾಕರಣದಲ್ಲಿ ಕರ್ತೃವಿನ ವ್ಯತ್ಯಾಸ: ಒಂದರಲ್ಲಿ ಕರ್ತೃ ಕೆಲಸಗಾರ, ಇನ್ನೊಂದರಲ್ಲಿ ಮಾಲೀಕ. ನಡೆದದ್ದು ಯಾವುದೋ ಅದನ್ನೇ ಕಾಗದ ಹೇಳಬೇಕೆಂದು ಪಟ್ಟುಹಿಡಿಯುವುದು ಒರಟುತನವಲ್ಲ. ಕೆಲಸ ನಿಂತ ತಾರೀಖು, ಕಾರಣ, ಸಹಿ, ಮೊಹರು ಇರುವ ಒಂದು ಪತ್ರವನ್ನು ಹೊರಡುವ ದಿನವೇ ಕೇಳಿ ಪಡೆಯಬೇಕು. ಒಂದು ತಿಂಗಳಾದ ಮೇಲೆ ಕಾವಲುಗಾರನೇ ಒಳಗೆ ಬಿಡುವುದಿಲ್ಲ. ಜೊತೆಗೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಅದೂ 2025ರ ನವೆಂಬರ್‌ನಲ್ಲಿಯೇ ಜಾರಿಗೆ ಬಂದದ್ದು, ಹೆಚ್ಚುವರಿಯೆಂದು ತೆಗೆಯಲ್ಪಟ್ಟವನ ಮರುತರಬೇತಿಗೆಂದು ಹದಿನೈದು ದಿನಗಳ ವೇತನದಷ್ಟು ಹಣವನ್ನು ನಲವತ್ತೈದು ದಿನಗಳೊಳಗೆ ಅವನ ಖಾತೆಗೆ ಹಾಕಬೇಕೆನ್ನುತ್ತದೆ. ರಾಜೀನಾಮೆ ಬರೆದವನಿಗೆ ಅದೂ ಇಲ್ಲ.

ಭವಿಷ್ಯನಿಧಿಯ ಮಾತು ಬೇರೆ. ಅದು ಭತ್ಯೆಯಲ್ಲ, ತನ್ನದೇ ಕೂಡಿಟ್ಟ ಹಣ. ಆದರೆ ಕೆಲಸ ಹೋದವನ ಕೈ ಮೊದಲು ಹೋಗುವುದು ಅಲ್ಲಿಗೇ. ಮುಂದಿನ ಕೆಲಸ ಹತ್ತಿರದಲ್ಲಿದೆಯೆಂದು ತೋರಿದರೆ ಅದನ್ನು ಮುಟ್ಟದೆ ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳುವುದೇ ಜಾಣತನ. ಏಕೆಂದರೆ ನಿವೃತ್ತಿವೇತನಕ್ಕೆ ಹತ್ತು ವರ್ಷಗಳ ಸೇವೆ ಬೇಕು, ಎಲ್ಲವನ್ನೂ ತೆಗೆದುಕೊಂಡವನ ಲೆಕ್ಕ ಮತ್ತೆ ಸೊನ್ನೆಯಿಂದ ಪ್ರಾರಂಭವಾಗುತ್ತದೆ. ಎರಡು ತಿಂಗಳು ನಿರುದ್ಯೋಗಿಯಾಗಿದ್ದರೆ ಪೂರ್ತಿ ತೆಗೆಯಬಹುದೆಂದಿದ್ದ ಹಳೆಯ ನಿಯಮವನ್ನು ಹನ್ನೆರಡು ತಿಂಗಳಿಗೆ ಏರಿಸಲು ನಿಧಿಯ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಇದಕ್ಕೆ ಬಂದ ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಹಸಿದವನಿಗೆ ಮುಪ್ಪಿನ ಉಪದೇಶ ರುಚಿಸುವುದಿಲ್ಲ. ಆದರೂ ಬೇಗ ಕರಗಿದ ನಿಧಿ ಮುಪ್ಪಿನಲ್ಲಿ ಮರಳಿ ಹುಟ್ಟದೆಂಬುದೂ ನಿಜ.

ನಮ್ಮ ರಾಜ್ಯದ ಯುವನಿಧಿಯಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆ, ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷ ಮೀರದಂತೆ, ಅಥವಾ ಕೆಲಸ ಸಿಗುವವರೆಗೆ, ಗೊತ್ತುಮಾಡಿತು. ಇಲ್ಲಿ ವಂತಿಗೆಯಿಲ್ಲ, ಹಳೆಯ ಮಾಲೀಕನಿಲ್ಲ. ‘ನನಗಿನ್ನೂ ಕೆಲಸವಿಲ್ಲ’ ಎಂದು ಕಾಲಕಾಲಕ್ಕೆ ತಾನೇ ಘೋಷಿಸಬೇಕು. ಸಿಕ್ಕಿದ ದಿನ ತಾನೇ ತಿಳಿಸಬೇಕು. ಮೊದಲ ಸಂಬಳದ ಸಂಭ್ರಮದಲ್ಲಿ ಇದು ಮರೆತುಹೋಗುವುದು ಸಹಜ. ಮನೆಯಲ್ಲಿ ಹಿರಿಯರಿದ್ದರೆ ಸಿಹಿ ಹಂಚುವ ಮೊದಲು ಇದನ್ನು ನೆನಪಿಸಬೇಕು.

ಮತ್ತೆ ಆ ಫಿಟ್ಟರ್‌ನ ಕಡೆ ಬರೋಣ. ಹೊಸ ಕಾರ್ಖಾನೆಯ ಕಚೇರಿಯಲ್ಲಿ ಅವನು ಮಾಡಬೇಕಾದ ಒಂದು ಕೆಲಸವಿದೆ. ತನ್ನ ಹಳೆಯ ವಿಮಾ ಸಂಖ್ಯೆಯನ್ನೂ, ಭವಿಷ್ಯನಿಧಿಯ ಹನ್ನೆರಡು ಅಂಕಿಗಳ ಸಂಖ್ಯೆಯನ್ನೂ ಗುಮಾಸ್ತನ ಮುಂದೆ ಇಡಬೇಕು. ಅವಸರದಲ್ಲಿ ಗುಮಾಸ್ತ ಹೊಸ ಸಂಖ್ಯೆ ಮಾಡಿಸಿಬಿಟ್ಟರೆ, ಎರಡು ವರ್ಷದ ಸೇವೆಯೆಂಬ ಎಣಿಕೆ ತುಂಡಾಗಿ ಒಬ್ಬನೇ ಮನುಷ್ಯ ಕಾಗದದ ಮೇಲೆ ಇಬ್ಬರಾಗುತ್ತಾನೆ. ನಡುವಣ ದಿನಗಳಲ್ಲಿ ಮನೆಯವರಿಗೆ ಕಾಯಿಲೆಯಾದರೆ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಮುಚ್ಚಿತೆಂದೂ ತಿಳಿಯಬೇಕಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ ಸಲ್ಲುತ್ತದೆ. ಜೂನ್‌ನಲ್ಲಿ ಕೆಲಸ ಹೋದರೂ ಚಳಿಗಾಲದಲ್ಲಿ ಕಟ್ಟಿದ ವಂತಿಗೆ ಆ ವರ್ಷದ ಡಿಸೆಂಬರ್‌ವರೆಗೆ ಅವನನ್ನು ಕಾಯುತ್ತಿರುತ್ತದೆ.