ಸೈಕಲ್ಲಿಗೇಕೆ ಒಂದು ಮಾರು ಜಾಗ?

ಮಳೆ ನಿಂತ ಮೇಲೆ, ರಸ್ತೆಗುಂಡಿಯ ನೀರು ದಾಟಿ ಹೋದ ಸೈಕಲ್ಲಿನ ಜಾಡನ್ನು ಒಮ್ಮೆ ಬಗ್ಗಿ ನೋಡಬೇಕು. ಸವಾರ ನೆಟ್ಟಗೆ ಹೋದಂತೆಯೇ ಕಂಡಿರುತ್ತಾನೆ. ಒಣ ಟಾರಿನ ಮೇಲೆ ಮೂಡಿದ ಎರಡು ಒದ್ದೆ ಗೆರೆಗಳು ಮಾತ್ರ ಜಡೆ ಹೆಣೆದಂತೆ ಒಂದನ್ನೊಂದು ದಾಟುತ್ತ ಸಾಗಿರುತ್ತವೆ. ಹಿಂದಿನ ಚಕ್ರದ ಗೆರೆ ಹೆಚ್ಚುಕಡಿಮೆ ನೇರ. ಮುಂದಿನದು ಅತ್ತಿತ್ತ ಹೊಯ್ದಾಡಿರುತ್ತದೆ.

ಆ ಹೊಯ್ದಾಟದಿಂದಲೇ ಸೈಕಲ್ ಬೀಳದೆ ಓಡುವುದು. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗ ಕೋಲು ವಾಲಿದತ್ತಲೇ ಕೈ ಓಡಿಸುತ್ತಾನಲ್ಲ, ಹಾಗೆಯೇ ಸೈಕಲ್ ವಾಲಿದತ್ತ ಹ್ಯಾಂಡಲ್ ತಿರುಗಿ, ಚಕ್ರಗಳು ಸವಾರನ ಭಾರದಡಿಗೆ ಬಂದು ಸೇರುತ್ತವೆ. ತಿರುಗುವ ಚಕ್ರದ ಬುಗುರಿ ಗುಣವೇ ಇದಕ್ಕೆಲ್ಲ ಕಾರಣವೆಂದು ಬಹುಕಾಲ ನಂಬಿದ್ದರು. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಆ ಗುಣವನ್ನು ಅಳಿಸಿ ನೋಡಿದರು. ಸೈಕಲ್ಲನ್ನು ಆಗಲೂ ಓಡಿಸಲು ಬಂತು! 1970ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಹ್ಯಾಂಡಲ್ಲನ್ನೇ ಅಲ್ಲಾಡದಂತೆ ಬಿಗಿದರೆ ಮಾತ್ರ ಎಂಥ ಪಳಗಿದ ಸವಾರನೂ ಉರುಳುತ್ತಾನೆ.

ಹಿಂದಿನಿಂದ ಹಾರ್ನ್ ಹೊಡೆದು ಸೈಕಲ್ಲನ್ನು ಅಂಚಿಗೆ ತಳ್ಳುವ ಚಾಲಕರಿಗೆ ಇದು ಗೊತ್ತಿರಬೇಕು. ನಮ್ಮ ಎಷ್ಟೋ ರಸ್ತೆಗಳಲ್ಲಿ ಟಾರಿನ ಅಂಚು ಪಕ್ಕದ ಮಣ್ಣಿಗಿಂತ ಮೂರ್ನಾಲ್ಕು ಬೆರಳು ಎತ್ತರ. ಲಾರಿಗೆ ದಾರಿ ಬಿಡಲು ಮಣ್ಣಿಗಿಳಿದವನು ಮತ್ತೆ ಮೇಲೆ ಹತ್ತುವಾಗ ಮೈ ಬಲಕ್ಕೆ ವಾಲಿರುತ್ತದೆ, ಮುಂದಿನ ಟೈರು ಅಂಚಿಗೆ ಉಜ್ಜುತ್ತ ಎಡಗಡೆಯೇ ಉಳಿಯುತ್ತದೆ. ಚಕ್ರ ಮೈಯಡಿಗೆ ಬರಲಾಗದು. ಸವಾರ ಬೀಳುವುದು ಬಲಕ್ಕೆ, ಹಿಂದಿನ ವಾಹನದ ಎದುರಿಗೇ. ವೇಗ ತಗ್ಗಿಸಿ, ಹಿಂದೆ ನೋಡಿ, ಅಂಚಿಗೆ ಆದಷ್ಟು ಅಡ್ಡಲಾಗಿ ಹತ್ತಬೇಕು. ಆಗದಿದ್ದರೆ ಇಳಿದು ತಳ್ಳಿಕೊಂಡು ಬರುವುದೇ ಮೇಲು. ಅಂಚಿನಿಂದ ಮೂರಡಿ ಒಳಗೆ ಸಾಗುವವನು ನೆಟ್ಟಗಿರಲು ಬೇಕಾದಷ್ಟೇ ಜಾಗ ಇಟ್ಟುಕೊಂಡಿರುತ್ತಾನೆ.

ವೇಗ ತಗ್ಗಿದಷ್ಟೂ ಹೊಯ್ದಾಟ ಹೆಚ್ಚು. ಮೇಲ್ಸೇತುವೆಯ ಏರಿನಲ್ಲಿ ಏದುಸಿರು ಬಿಡುತ್ತ ತುಳಿಯುವವನಿಗೆ ಸಮತಟ್ಟಿನಲ್ಲಿ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಬೇಕು. ಪಕ್ಕದಲ್ಲಿ ರಭಸದಿಂದ ಹಾದುಹೋಗುವ ಬಸ್ಸಿನ ಗಾಳಿ ಮೊದಲು ಅವನನ್ನು ಆಚೆ ನೂಕಿ, ಮರುಗಳಿಗೆಯೇ ತನ್ನತ್ತ ಎಳೆಯುತ್ತದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಬೇರ್ಪಡಿಸಿದ್ದರು. ಅಂಥ ಪಥವಿಲ್ಲದ ಕಡೆ ಚಾಲಕನೇ ಅಂತರ ಕಾಯಬೇಕು. ಅದೇ ವರ್ಷ ಜರ್ಮನಿ ಆ ಅಂತರವನ್ನು ಅಳತೆಯಲ್ಲೇ ಗೊತ್ತುಮಾಡಿತು: ಸೈಕಲ್ಲನ್ನು ಹಿಂದಿಕ್ಕುವಾಗ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಮಾರು.

ನಿಂತ ಕಾರಿನ ಬಾಗಿಲೂ ಆ ಜಾಗವನ್ನು ಕ್ಷಣದಲ್ಲಿ ನುಂಗಬಲ್ಲದು. ನಮ್ಮಂತೆ ಎಡಬದಿಯಲ್ಲೇ ವಾಹನ ಓಡಿಸುವ ಬ್ರಿಟನ್ 2022ರಲ್ಲಿ ತನ್ನ ರಸ್ತೆ ನಿಯಮಾವಳಿಗೆ ಒಂದು ಸರಳ ಅಭ್ಯಾಸ ಸೇರಿಸಿತು: ಬಾಗಿಲನ್ನು ಅದಕ್ಕೆ ದೂರವಿರುವ ಕೈಯಿಂದ ತೆರೆಯುವುದು. ಬಲಗಡೆ ಕೂತ ಚಾಲಕ ಎಡಗೈ ಚಾಚಿದರೆ ಭುಜ ತಾನಾಗಿ ಹೊರಳುತ್ತದೆ, ಕಣ್ಣು ಹಿಂದಿನ ರಸ್ತೆಯತ್ತ ಹೋಗುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ.