ಯುಗಾದಿ ಬಂತು, ಸಸಿ ಹೊರಗಿಡಬಹುದೇ?

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಮಾರ್ಚ್ ತಿಂಗಳೆಂದರೆ ಮನೆಯೊಳಗೇ ಸಸಿ ಎಬ್ಬಿಸುವ ಕಾಲ. ಅಂಗಳದಲ್ಲಿ ಇನ್ನೂ ಹಿಮ, ಅಡುಗೆಮನೆಯ ಮೂಲೆಯಲ್ಲಿ ಬೀಜ ಹಾಕಿದ ಟ್ರೇ, ಅದರ ಪಕ್ಕದಲ್ಲಿ ಎಲ್ಲಕ್ಕೂ ಕೈಹಾಕುವ ಎರಡು ವರ್ಷದ ಮಗು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಟೊಮೆಟೊ, ಬದನೆ, ಮೆಣಸಿನಕಾಯಿ ಶುರುವಾಗುವುದು ಹೀಗೆಯೇ. ಕಾಯುವ ಈ ವಾರಗಳ ಬಗ್ಗೆ ಬೇರೂರಿದ ಕೆಲವು ತಪ್ಪು ತಿಳಿವಳಿಕೆಗಳಿಂದ ಸಸಿ ಹಾಳಾಗುತ್ತದೆ. ಒಂದೆರಡರಿಂದ ಮಗುವಿಗೇ ಅಪಾಯವಿದೆ.

ಎಲ್ಲಕ್ಕಿಂತ ಹಳೆಯ ನಂಬಿಕೆ, ವಸಂತ ಬಂತೆಂದರೆ ನೆಡಬಹುದು ಎಂಬುದು. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಅಮೆರಿಕದ ಕ್ಯಾಲೆಂಡರ್ ಕೂಡ ಮಾರ್ಚ್ 20ರ ಆಸುಪಾಸಿನಲ್ಲೇ ವಸಂತ ಶುರುವಾಯಿತೆನ್ನುತ್ತದೆ. ಆದರೆ ಸಸಿಗೆ ಮುಖ್ಯವಾದದ್ದು ಕೊನೆಯ ಫ್ರಾಸ್ಟ್, ಅಂದರೆ ಎಲೆಯೊಳಗಿನ ನೀರನ್ನೇ ಹೆಪ್ಪುಗಟ್ಟಿಸುವ ರಾತ್ರಿಯ ಚಳಿ. ಮಿನೆಸೋಟದ ಹಲವೆಡೆ ಅದು ಮೇ ತಿಂಗಳಲ್ಲೂ ಬರುತ್ತದೆ. ಮಣ್ಣು ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗದೆ ಟೊಮೆಟೊ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿಯೇ ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಹೊತ್ತಿಗೆ ನೆಡುವ ರೂಢಿ ಅಲ್ಲಿದೆ. ಬಿತ್ತುವ ದಿನವನ್ನು ಅಲ್ಲಿಂದ ಹಿಂದಕ್ಕೆ ಎಣಿಸಬೇಕು: ಟೊಮೆಟೊಗೆ 6ರಿಂದ 8 ವಾರ, ಮೆಣಸಿನಕಾಯಿಗೆ 8ರಿಂದ 10 ವಾರ. ಜನವರಿಯಲ್ಲೇ ಬಿತ್ತಿದರೆ ಬೇಗ ಹಣ್ಣು ಸಿಗುತ್ತದೆಂಬ ಆಸೆ ಫಲಿಸುವುದು ಅಪರೂಪ. ಚಿಕ್ಕ ಕುಂಡದಲ್ಲಿ ಬೇರು ಸುತ್ತಿಕೊಂಡು ಸೊರಗಿದ ಗಿಡವನ್ನು ತಡವಾಗಿ ಬಿತ್ತಿದ ಎಳೆಯ ಸಸಿ ಹಿಂದೆ ಹಾಕಿಬಿಡುತ್ತದೆ.

ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ ನೋಡಿ ದಿನ ಗೊತ್ತುಮಾಡುವವರೂ ಇದ್ದಾರೆ. 2023ರಲ್ಲಿ ಪರಿಷ್ಕೃತವಾದ ಆ ನಕ್ಷೆ ಹೇಳುವುದು ಚಳಿಗಾಲದ ಕನಿಷ್ಠ ತಾಪಮಾನದ ಸರಾಸರಿಯನ್ನು ಮಾತ್ರ. ಯಾವ ಬಹುವಾರ್ಷಿಕ ಗಿಡ ಅಲ್ಲಿ ಚಳಿ ತಡೆದೀತು ಎಂದು ತಿಳಿಯಲು ಅದು ಬೇಕು, ಬಿತ್ತುವ ದಿನಕ್ಕೆ ಅದರಲ್ಲಿ ಉತ್ತರವಿಲ್ಲ.

ಇನ್ನು ಕಿಟಕಿಯ ವಿಚಾರ. ಬಿಸಿಲು ಬೀಳುವ ಕಿಟಕಿಯೊಂದಿದ್ದರೆ ಸಾಕು ಎಂದು ಬಹುತೇಕ ಎಲ್ಲರೂ ನಂಬುತ್ತಾರೆ. ಟೊಮೆಟೊ ಬೀಜ ಮೊಳೆಯಲು ಬೇಕಾದದ್ದು ಬೆಳಕಲ್ಲ, ತೇವ ಮತ್ತು 21ರಿಂದ 27 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ಮಣ್ಣು. ಚಳಿಗಾಲದ ಕಿಟಕಿಯಂಚು ಮನೆಯಲ್ಲೇ ಅತಿ ತಣ್ಣನೆಯ ಜಾಗವಾಗಿರುವುದುಂಟು. ಮೊಳಕೆ ಬಗ್ಗಿದ ಕತ್ತನ್ನು ಮಣ್ಣಿನಿಂದ ಎತ್ತಿ, ಬೀಜದ ಸಿಪ್ಪೆ ಕಳಚಿ ಎರಡು ಎಳೆಯೆಲೆ ಬಿಚ್ಚಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಈಗ ಬೆಳಕೇ ಊಟ. ಗಾಜಿನ ಹಿಂದಿನ ಆ ಅರೆಬೆಳಕು ಸಾಲದೆ ಕಾಂಡ ನೂಲಿನಂತೆ ಉದ್ದಕ್ಕೆ ಬೆಳೆದು ಗಾಜಿನತ್ತ ವಾಲಿ, ಒಂದು ದಿನ ಮಲಗಿಬಿಡುತ್ತದೆ. ಎಷ್ಟು ಬೇಗ ಎತ್ತರವಾಯಿತು ಎಂದು ಹಿಗ್ಗುವಂಥದ್ದಲ್ಲ ಅದು. ಸಸಿಯ ತುದಿಯಿಂದ 5-10 ಸೆಂಟಿಮೀಟರ್ ಮೇಲೆ ತೂಗುಹಾಕಿದ ಸಾಧಾರಣ ಎಲ್‌ಇಡಿ ಟ್ಯೂಬ್‌ಲೈಟ್ ದಿನಕ್ಕೆ 14ರಿಂದ 16 ಗಂಟೆ ಉರಿದರೆ ಸಾಕು, ದುಬಾರಿ ದೀಪ ಬೇಕಾಗಿಲ್ಲ. ಬೆಳಗ್ಗೆ ಸ್ವಿಚ್ ಹಾಕುವ, ರಾತ್ರಿ ಆರಿಸುವ ಕೆಲಸವನ್ನು ಮಗುವಿಗೆ ಕೊಟ್ಟರೆ ಅದು ಒಂದು ದಿನವೂ ಮರೆಯಗೊಡುವುದಿಲ್ಲ.

ಹಿತ್ತಲ ಮಣ್ಣೇ ಒಳ್ಳೆಯದೆಂಬ ಮಾತೂ ಟ್ರೇಗೆ ಹೊಂದುವುದಿಲ್ಲ. ಆ ಮಣ್ಣು ಗಟ್ಟಿಯಾಗುತ್ತದೆ, ಜೊತೆಗೆ ಎಳೆಸಸಿಯ ಬುಡ ಕೊಳೆಸುವ ಶಿಲೀಂಧ್ರಗಳನ್ನೂ ತರುತ್ತದೆ.

ಎರಡು ವರ್ಷದ ಮಗುವಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು ಎಂದು ಕೇಳುವವರು ಬೀಜದ ಆಯ್ಕೆಯಲ್ಲೇ ಎಡವಿರುತ್ತಾರೆ. ಮೆಣಸಿನಕಾಯಿ ಮೊಳೆಯಲು ಎರಡು ವಾರ ಬೇಕಾಗಬಹುದು. ಅಷ್ಟರಲ್ಲಿ ಮಗು ಟ್ರೇ ಕೆದಕಿ ನೋಡಿರುತ್ತದೆ. ಉತ್ತರ ಮಸಾಲೆ ಡಬ್ಬಿಯಲ್ಲಿದೆ. ರಾತ್ರಿ ನೆನೆಸಿದ ಮೆಂತ್ಯವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ ಪುಟ್ಟ ಅಂಗೈಯಿಂದ ತಟ್ಟಿಸಿದರೆ ಎರಡು ಮೂರು ದಿನಗಳಲ್ಲಿ ಬಿಳಿ ಮೊಳಕೆ ಕಾಣುತ್ತದೆ, ವಾರ ಕಳೆಯುವಷ್ಟರಲ್ಲಿ ಹಸಿರಾಗುತ್ತದೆ. ಮೂಲಂಗಿಯೂ ಬೇಗ ಏಳುತ್ತದೆ. ಕೊತ್ತಂಬರಿ ಮಾತ್ರ ನಿಧಾನಿ. ಧನಿಯಾದ ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಉಜ್ಜಿ ಒಡೆದು ಬಿತ್ತುತ್ತಾರೆ.

ತರಕಾರಿ ಬೀಜ ತಾನೇ, ಬಾಯಿಗೆ ಹಾಕಿಕೊಂಡರೆ ಏನಾದೀತು ಎನ್ನುವ ನಂಬಿಕೆಯನ್ನು ಮಾತ್ರ ಇವತ್ತೇ ಬಿಡಬೇಕು. ಗುಲಾಬಿ, ನೀಲಿ ಬಣ್ಣ ಬಳಿದ ಬೀಜಗಳಿಗೆ ಶಿಲೀಂಧ್ರನಾಶಕ ಹಚ್ಚಿರುವ ಸಾಧ್ಯತೆಯಿದೆ. ಕಾಳುಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಗಿಗೆ ತುರುಕಿಕೊಂಡ ಹುರುಳಿಕಾಯಿ ಬೀಜ ತೇವ ಹೀರಿ ಊದಿಕೊಳ್ಳುತ್ತದೆ. ಹರಳು ಬೀಜ ತೀವ್ರ ವಿಷ, ಅದು ಮನೆಯೊಳಗೆ ಬರಲೇಬಾರದು. ಟ್ರೇಗೆಂದು ಕೊಂಡು ತಂದ ಚೀಲದ ಒಣ ಮಣ್ಣನ್ನು ಮೊದಲೇ ನೀರು ಬೆರೆಸಿ ಕಲಸಿಟ್ಟರೆ ಧೂಳು ಮಗುವಿನ ಉಸಿರಿಗೆ ಹೋಗುವುದಿಲ್ಲ.

ಕನ್ನಡಿಗರ ವಿಶೇಷ ಆಸೆ ಅವರೆಕಾಯಿ. ಮನೆಯೊಳಗೆ ಬೇಗ ಎಬ್ಬಿಸಿದರೆ ಬೇಗ ಕಾಯಿ ಬಿಡುತ್ತದೆಂದುಕೊಳ್ಳುತ್ತಾರೆ. ಸಾಂಪ್ರದಾಯಿಕ ಅವರೆ ಹೂ ಬಿಡಲು ಹಗಲು ಕಿರಿದಾಗಬೇಕು. ಉತ್ತರದ ದೀರ್ಘ ಹಗಲಿನಲ್ಲಿ ಬಳ್ಳಿ ಬೇಸಿಗೆಯುದ್ದಕ್ಕೂ ಹಬ್ಬಿ, ಹೂ ಬರುವ ಹೊತ್ತಿಗೆ ಶರತ್ಕಾಲದ ಫ್ರಾಸ್ಟ್‌ಗೆ ಸಿಕ್ಕಿಬೀಳುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ಹಾಗೆಂದು ಊರಿನಿಂದ ಬರುವ ಅಜ್ಜಿಯ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವಂತಿಲ್ಲ: ಬಿತ್ತನೆ ಬೀಜವನ್ನು ಅಮೆರಿಕಕ್ಕೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಥವಾ ಸಣ್ಣ ಪ್ರಮಾಣದ ಬೀಜಕ್ಕೆಂದೇ ಇರುವ ಪರವಾನಗಿಯನ್ನು ಮೊದಲೇ ಪಡೆದಿರಬೇಕು.